ಸರೋವರಕ್ಕೆ ಬೇಲಿ ಹಾಕಿದಾಗ: ಫಿಲಿಪ್ಪೀನ್ಸ್‌ನ ಲಗುನಾ ದೆ ಬಾಯ್ ಪ್ರಕರಣ

ಮನಿಲಾ ನಗರದ ಪಕ್ಕದಲ್ಲೇ ಇರುವ ಲಗುನಾ ದೆ ಬಾಯ್ ಫಿಲಿಪ್ಪೀನ್ಸ್‌ನ ಅತಿ ದೊಡ್ಡ ಸರೋವರ. ಸುಮಾರು 90,000 ಹೆಕ್ಟೇರ್ ನೀರು. ಇಷ್ಟು ಅಗಲ ಇದ್ದರೂ ಆಳ ಸರಾಸರಿ ಎರಡೂವರೆ ಮೀಟರ್ ಆಸುಪಾಸು, ಅಷ್ಟೇ. ಉದ್ದನೆಯ ಬಿದಿರಿನ ಗಳ ಇದ್ದರೆ ದಡದಿಂದ ಎಷ್ಟೋ ದೂರದಲ್ಲೂ ನೆಲಕ್ಕೆ ಊರಬಹುದು. ಮುಂದೆ ಆದ ರಗಳೆಗೆಲ್ಲ ದಾರಿ ಮಾಡಿಕೊಟ್ಟಿದ್ದು ಈ ಆಳವೇ.

ಬಡ ಬೆಸ್ತರ ಆದಾಯ ಜಾಸ್ತಿ ಆಗಲಿ ಅಂತ ಇಲ್ಲಿ ಮೀನು ಸಾಕಣೆ ಶುರು ಮಾಡಿದರು. ಹದಿಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ಬೆಸ್ತರ ಕೈಯಿಂದ ಸರೋವರದ ಮೂರನೇ ಒಂದು ಭಾಗ ಜಾರಿಹೋಗಿತ್ತು. ಯಾರೋ ಒಬ್ಬರು ಕೂತು ಸಂಚು ಮಾಡಿದ್ದರಿಂದ ಹೀಗಾಯಿತು ಅಂತ ನನಗೆ ಅನ್ನಿಸುವುದಿಲ್ಲ. ಸರೋವರದಲ್ಲಿ ಮೀನಿಗೆ ಎಷ್ಟು ಮೇವಿದೆ ಎಂಬ ಲೆಕ್ಕಕ್ಕೆ ಮುಂಚೆಯೇ ಪರವಾನಗಿ ಹಂಚಿದರು. ಉಳಿದದ್ದೆಲ್ಲ ಅದರ ಹಿಂದೆ ಬಂತು.

ಬೇಲಿ ಬರುವ ಮುಂಚೆ

ಇಪ್ಪತ್ತಕ್ಕೂ ಹೆಚ್ಚು ಹೊಳೆಗಳು ಈ ಸರೋವರಕ್ಕೆ ಬಂದು ಸೇರುತ್ತವೆ. ಹೊರಗೆ ಹೋಗಲು ಸಹಜವಾಗಿ ಇರುವುದು ಒಂದೇ ದಾರಿ, ಪಾಸಿಗ್ ನದಿ. ಅದು ಮನಿಲಾ ಊರೊಳಗೆ ಹಾದು ಸಮುದ್ರ ಸೇರುತ್ತದೆ. ಬೇಸಿಗೆಯಲ್ಲಿ ಸರೋವರದ ಮಟ್ಟ ತೀರಾ ಇಳಿದಾಗ ಸಮುದ್ರದ ಉಬ್ಬರ ಅದಕ್ಕಿಂತ ಮೇಲಾಗುತ್ತದೆ, ಆಗ ನದಿ ಹಿಂದಕ್ಕೆ ಹರಿದು ಉಪ್ಪು ನೀರು ಸರೋವರದ ಒಳಗೆ ಬರುತ್ತದೆ. ಸಿಹಿನೀರಿಗೆ ಉಪ್ಪು ನುಗ್ಗಿದರೆ ಅನಾಹುತ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿಯ ಬೆಸ್ತರು ಅದಕ್ಕೇ ಕಾಯುತ್ತಿದ್ದರು. ಆಳ ಕಡಿಮೆಯಾದ್ದರಿಂದ ಗಾಳಿ ಬೀಸಿದರೆ ಸಾಕು, ತಳದ ಕೆಸರು ಎದ್ದು ನೀರು ರಾಡಿಯಾಗುತ್ತದೆ. ಉಪ್ಪು ಸೇರಿದಾಗ ಆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕೆ ಕೂರುತ್ತವೆ. ನೀರು ತಿಳಿಯಾಗುತ್ತದೆ. ಬಿಸಿಲು ಒಳಗೆ ಇಳಿಯುತ್ತದೆ. ಪಾಚಿ ಬೆಳೆಯುತ್ತದೆ, ಪಾಚಿ ಬೆಳೆದರೆ ಮೀನು ಬೆಳೆಯುತ್ತದೆ.

ಅಯುಂಗಿನ್ ಎಂಬ ಬೆಳ್ಳಿ ಬಣ್ಣದ ಸಣ್ಣ ಮೀನು, ಬಿಯಾ, ಕಂಡೂಲಿ ಎಂಬ ಮೀಸೆ ಮೀನು, ಸೀಗಡಿ, ಇವೇ ಅಲ್ಲಿನ ಜನರ ಊಟ ಮತ್ತು ವ್ಯಾಪಾರ. ಒಂದು ಸಣ್ಣ ದೋಣಿ, ಒಂದಷ್ಟು ಬಲೆ, ಗಾಳ, ಬಿದಿರಿನ ಬಲೆಗೂಡು ಇದ್ದರೆ ಕಸುಬು ನಡೆಯುತ್ತಿತ್ತು. ತಳದ ಬಸವನಹುಳು ಕೆರೆದು ತೆಗೆಯುವವರೇ ಬೇರೆ ಇದ್ದರು. ಅದು ದಡದ ಊರುಗಳ ಬಾತುಕೋಳಿಗಳಿಗೆ ಆಹಾರ. ಆ ಬಾತುಕೋಳಿಗಳ ಮೊಟ್ಟೆಯಿಂದಲೇ ಫಿಲಿಪ್ಪೀನ್ಸ್‌ನ ಹೆಸರಾಂತ ಬಲೂತ್ ತಯಾರಾಗುತ್ತದೆ, ಅಂದರೆ ಒಳಗೆ ಮರಿ ಅರ್ಧ ಬೆಳೆದಿರುವಾಗಲೇ ಬೇಯಿಸಿ ತಿನ್ನುವ ಮೊಟ್ಟೆ. ಹೀಗೆ ಸರೋವರದ ತಳದ ಹುಳುವೂ ಯಾರದೋ ಸಂಬಳ ಆಗಿತ್ತು. 1960ರ ದಶಕದ ಮೊದಲ ಭಾಗದಲ್ಲಿ ನಡೆದ ಸರ್ವೆ ಪ್ರಕಾರ ವರ್ಷಕ್ಕೆ ಸುಮಾರು 80,000 ಟನ್ ಮೀನು ಸಿಗುತ್ತಿತ್ತು, ಬಸವನಹುಳುವಿನ ತೂಕ ಬಿಟ್ಟು.

ದೊಡ್ಡಿ ಕಟ್ಟಿದರು

1966ರಲ್ಲಿ ಒಂದು ಕಾನೂನು ಬಂತು. ಅದರ ಅಡಿಯಲ್ಲಿ ಲಗುನಾ ಲೇಕ್ ಡೆವಲಪ್‌ಮೆಂಟ್ ಅಥಾರಿಟಿ ಎಂಬ ಪ್ರಾಧಿಕಾರ ಹುಟ್ಟಿತು. ಈ ಪ್ರಾಧಿಕಾರ 1970-71ರಲ್ಲಿ ಕಾರ್ದೋನಾ ಎಂಬ ದಡದ ಊರಿನ ಹತ್ತಿರ ಒಂದು ಪ್ರಯೋಗ ಮಾಡಿತು. ನೀರಿನಲ್ಲಿ ಬಿದಿರಿನ ಗಳಗಳನ್ನು ಸಾಲಾಗಿ ಊರಿ, ಸುತ್ತ ಬಲೆ ಕಟ್ಟಿ, ಒಳಗೆ ಮೀನುಮರಿ ಬಿಟ್ಟರು. ಇದನ್ನು ದೊಡ್ಡಿ ಅಂತಲೇ ಕರೆಯೋಣ, ಯಾಕೆಂದರೆ ಪಂಜರಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಪಂಜರಕ್ಕೆ ತಳದಲ್ಲೂ ಬಲೆ ಇರುತ್ತದೆ, ಗಾತ್ರವೂ ಚಿಕ್ಕದು. ದೊಡ್ಡಿಗೆ ಸರೋವರದ ನೆಲವೇ ತಳ. ಬೇಕಾದಷ್ಟು ದೊಡ್ಡದಾಗಿ ಕಟ್ಟಬಹುದು.

ಬಿಟ್ಟ ಮೀನು ಬಂಗುಸ್. ನಮ್ಮ ಕರಾವಳಿಯಲ್ಲಿ ಹೂಮೀನು ಅನ್ನುತ್ತಾರಲ್ಲ, ಅದೇ. ಬಂಗುಸ್ ಪಾಚಿ ತಿಂದು ಬೆಳೆಯುತ್ತದೆ, ಹಾಗಾಗಿ ಕೈಯಿಂದ ಮೇವು ಹಾಕುವ ಖರ್ಚೇ ಇರಲಿಲ್ಲ. ನೀರು ತನ್ನಷ್ಟಕ್ಕೆ ತಾನು ಮೇವು ತಂದು ದೊಡ್ಡಿಯೊಳಗೆ ಸುರಿಯುತ್ತಿತ್ತು. ನಾಲ್ಕೈದು ತಿಂಗಳಲ್ಲಿ ಮಾರುವ ಗಾತ್ರದ ಮೀನು ರೆಡಿ. ಮನಿಲಾ ಮಾರುಕಟ್ಟೆ ಕೈಗೆಟುಕುವ ದೂರದಲ್ಲಿ. ಇದಕ್ಕಿಂತ ಒಳ್ಳೆ ಬಿಸಿನೆಸ್ ಬೇಕಾ ಅಂತ ಯಾರಿಗಾದರೂ ಅನ್ನಿಸಬೇಕು.

ಅನ್ನಿಸಿತು ಕೂಡ. ಮನಿಲಾದ ದುಡ್ಡಿನವರಿಗೆ ಎಲ್ಲರಿಗಿಂತ ಮುಂಚೆ ಅನ್ನಿಸಿತು.

ಬಂಗುಸ್ ಇಂಥ ಸರೋವರದಲ್ಲಿ ಮರಿ ಮಾಡುವುದಿಲ್ಲ. ಅದು ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿಗಳನ್ನು ಆಗ ಸಮುದ್ರ ತೀರದಲ್ಲಿ ಹಿಡಿದು, ಸ್ವಲ್ಪ ದೊಡ್ಡ ಮಾಡಿ, ಸಾಗಿಸಿ ತರಬೇಕಿತ್ತು. ಅಂದರೆ ಪ್ರತಿ ಸಲ ಮರಿಗೆ ಕಾಸು ಬಿಚ್ಚಬೇಕು. ಜೊತೆಗೆ ಬಿದಿರು, ಬಲೆ, ಕಾವಲು. ಬಿರುಗಾಳಿ ಬಂದರೆ ಅಷ್ಟೂ ಒಂದೇ ರಾತ್ರಿಯಲ್ಲಿ ಹೋಗುತ್ತದೆ, ಹೋದ ಮೇಲೆ ಇನ್ನೊಮ್ಮೆ ಕಟ್ಟುವ ಶಕ್ತಿ ಇರಬೇಕು. ದಿನಾ ಹಿಡಿದದ್ದನ್ನು ದಿನಾ ಮಾರಿ ಅಕ್ಕಿ ತರುವ ಮನೆಗೆ ಇದು ಆಗುವ ಮಾತಾ? ನಾಲ್ಕೈದು ತಿಂಗಳು ಕೈಗೆ ಏನೂ ಬರದೆ ಕಾಯುವುದೇ ಅವರಿಂದ ಆಗುವುದಿಲ್ಲ. ಪ್ರಾಧಿಕಾರದ ಕಾಗದದಲ್ಲಿ ಫಲಾನುಭವಿ ಬಡ ಬೆಸ್ತನೇ. ಆದರೆ ಬಂಗುಸ್ ಅಂತ ಮೀನು ಆರಿಸಿದ ದಿನವೇ ಆಟದಿಂದ ಅವನು ಹೊರಗೆ.

ಇದು ನನ್ನ ಓದು. ಆದರೆ ತಿಲಾಪಿಯಾ ವಿಷಯ ನೋಡಿದರೆ ಇದು ಇನ್ನಷ್ಟು ಗಟ್ಟಿಯಾಗುತ್ತದೆ. ತಿಲಾಪಿಯಾ ಸಿಹಿನೀರಿನಲ್ಲೇ ಮರಿ ಮಾಡುತ್ತದೆ, ಹಿತ್ತಲಿನ ಸಣ್ಣ ಹೊಂಡದಲ್ಲೂ ಮಾಡುತ್ತದೆ. 1970ರ ದಶಕದ ಕೊನೆ ಮತ್ತು 80ರ ದಶಕದಲ್ಲಿ ಸರೋವರದ ಸುತ್ತಲಿನ ಊರುಗಳಲ್ಲಿ ಸಣ್ಣ ಸಣ್ಣ ತಿಲಾಪಿಯಾ ಮರಿ ಕೇಂದ್ರಗಳು ಹುಟ್ಟಿಕೊಂಡವು, ಮನೆಯವರೇ ಸೇರಿ ನಡೆಸುವಂಥವು. ಪಂಜರ ಚಿಕ್ಕದಾಗಿ ಕಟ್ಟಬಹುದು, ಮನೆ ಮುಂದಿನ ನೀರಿನಲ್ಲೇ ಇಡಬಹುದು. ದಡದ ಸಾಮಾನ್ಯ ಕುಟುಂಬಗಳು ಸಾಕಣೆಗೆ ಕೈ ಹಾಕಲು ಸಾಧ್ಯವಾದದ್ದು ಹೆಚ್ಚಾಗಿ ಈ ದಾರಿಯಲ್ಲಿ. ಅದೇ ಸರೋವರ, ಅದೇ ಜನ. ಮೀನು ಬದಲಾದರೆ ಯಾರು ಸಾಕಬಹುದು ಎಂಬುದೂ ಬದಲಾಗುತ್ತದೆ. ಸಾಕಣೆ ಯೋಜನೆ ಬರೆಯುವವರು ಮೀನಿನ ಬೆಳವಣಿಗೆಯ ಪಟ್ಟಿ ನೋಡುತ್ತಾರೆ, ಮರಿ ಎಲ್ಲಿಂದ ಬರುತ್ತದೆ, ಅದರ ಬೀಗ ಯಾರ ಕೈಯಲ್ಲಿದೆ ಅಂತ ನೋಡುವುದು ಕಡಿಮೆ.

ಮೇವಿನ ಲೆಕ್ಕ

1983ರ ಹೊತ್ತಿಗೆ ದೊಡ್ಡಿಗಳು 30,000 ಹೆಕ್ಟೇರ್ ದಾಟಿದ್ದವು. ಪರವಾನಗಿ ಇದ್ದದ್ದು, ಇಲ್ಲದ್ದು, ಹತ್ತು ಹೆಕ್ಟೇರ್‌ಗೆ ಕೊಟ್ಟ ಕಾಗದ ಹಿಡಿದು ಐವತ್ತಕ್ಕೆ ಬೇಲಿ ಹಾಕುವಂಥದ್ದು, ಎಲ್ಲ ಸೇರಿ. ಈ ನಡುವೆ ದೊಡ್ಡಿಯ ಒಳಗೇ ಒಂದು ಬದಲಾವಣೆ ಕಂಡಿತು. ನಾಲ್ಕೈದು ತಿಂಗಳಲ್ಲಿ ಬೆಳೆಯುತ್ತಿದ್ದ ಬಂಗುಸ್‌ಗೆ ಈಗ ಎಂಟು ತಿಂಗಳು, ಕೆಲವು ಕಡೆ ವರ್ಷವೇ ಬೇಕಾಯಿತು. ಮೀನು ಅದೇ. ನೀರಿನಲ್ಲಿ ಮೇವು ಸಾಲದೆ ಬಂದಿತ್ತು.

ಊರ ಗೋಮಾಳಕ್ಕೆ ಒಬ್ಬ ಬೇಲಿ ಹಾಕಿ ತನ್ನ ದನ ಬಿಟ್ಟರೆ ಹುಲ್ಲು ಜಾಸ್ತಿ ಆಗುವುದಿಲ್ಲ, ಆ ಹುಲ್ಲು ಯಾರ ದನಕ್ಕೆ ಎಂಬುದಷ್ಟೇ ತೀರ್ಮಾನವಾಗುತ್ತದೆ. ಇಲ್ಲಿ ಆದದ್ದು ಅದೇ. ಮೇವು ಹೊರಗಿನಿಂದ ತಂದು ಹಾಕಿದ್ದರೆ ಮಾತು ಬೇರೆ (ಆಗ ನೀರು ಕೆಡುವ ತೊಂದರೆ ಬೇರೆ ಬರುತ್ತಿತ್ತು ಅನ್ನಿ). ಆದರೆ ಆ ಕಾಲದ ದೊಡ್ಡಿಯ ಮೀನು ತಿಂದದ್ದು ಸರೋವರದ ಪಾಚಿಯನ್ನೇ. ಬೇಲಿಯ ಹೊರಗಿನ ಮೀನೂ ಬದುಕಬೇಕಿದ್ದದ್ದು ಅದೇ ಪಾಚಿಯ ಮೇಲೆ, ಅಥವಾ ಅದನ್ನು ತಿನ್ನುವ ಸಣ್ಣ ಜೀವಿಗಳ ಮೇಲೆ. ವರದಿಯಲ್ಲಿ 'ಸಾಕಣೆ ಉತ್ಪಾದನೆ' ಅಂತ ಒಂದು ಸಾಲು ಮೇಲೇರುತ್ತದೆ, 'ತೆರೆದ ನೀರಿನ ಮೀನುಗಾರಿಕೆ' ಎಂಬ ಇನ್ನೊಂದು ಸಾಲು ಇಳಿಯುತ್ತದೆ. ಎರಡನ್ನೂ ಬೇರೆ ಬೇರೆ ಪುಟದಲ್ಲಿ ನೋಡಿದರೆ ಮೊದಲನೆಯದು ಪ್ರಗತಿ, ಎರಡನೆಯದು ಬೆಸ್ತರ ದುರಾದೃಷ್ಟ. ತೆರೆದ ನೀರಿನ ಮೀನು 60ರ ದಶಕಕ್ಕೆ ಹೋಲಿಸಿದರೆ ಅರ್ಧಕ್ಕಿಂತ ಕೆಳಗೆ ಹೋಯಿತು.

ಪೂರ್ತಿ ತಪ್ಪು ದೊಡ್ಡಿಯದ್ದೇ ಅಂತ ಹೇಳಿದರೆ ಅನ್ಯಾಯ. ದಡದಲ್ಲಿ ಕಾರ್ಖಾನೆಗಳು ಎದ್ದವು, ಮನಿಲಾದ ಕೊಳಕು ಪಾಸಿಗ್ ಮೂಲಕ ಒಳಗೆ ಬಂತು, ಬೆಟ್ಟದ ಕಾಡು ಹೋಗಿ ಹೂಳು ತುಂಬಿತು, ಬೆಸ್ತರಲ್ಲೇ ಕೆಲವರು ಸಣ್ಣ ಕಣ್ಣಿನ ಬಲೆ ಎಳೆದು ಮರಿಗಳನ್ನೂ ಬಾಚಿದರು. ಆದರೂ ದೊಡ್ಡಿಯ ಮೀನೇ ಬೆಳೆಯದೆ ನಿಂತಾಗ ಮೇವಿನ ಲೆಕ್ಕ ಸಾಕ್ಷಿ ಸಮೇತ ಎದುರಿಗಿತ್ತು. ಸರೋವರದ ದಡದ ಬಿನಂಗೋನನ್‌ನಲ್ಲಿ 1976ರಿಂದ ಒಂದು ಸಿಹಿನೀರು ಮೀನು ಸಂಶೋಧನಾ ಕೇಂದ್ರವೇ ಇತ್ತು. ವಿಜ್ಞಾನಿಗಳು ಪಾಚಿ ಅಳೆಯುತ್ತಿದ್ದರು. ಪರವಾನಗಿ ಕೊಡುವ ಟೇಬಲ್‌ಗೆ ಆ ಅಳತೆ ತಲುಪಿದ ವೇಗ ಬೇಲಿ ಏಳುವ ವೇಗಕ್ಕೆ ಸಾಟಿಯಾಗಲಿಲ್ಲ.

ದೋಣಿಗೆ ದಾರಿ ಇಲ್ಲ

ಬೆಸ್ತನಿಗೆ ಮೀನು ಕಡಿಮೆಯಾದದ್ದು ಒಂದು ಸಂಕಟ. ನೀರಿಗೆ ಇಳಿಯಲು ದಾರಿಯೇ ಇಲ್ಲದ್ದು ಇನ್ನೊಂದು. ಮನೆ ಮುಂದಿನಿಂದ ನೇರ ಹೋಗುತ್ತಿದ್ದವನು ಬಿದಿರಿನ ಗೋಡೆಗಳನ್ನು ಸುತ್ತಿ ಸುತ್ತಿ ಹೋಗಬೇಕು. ಮೋಟಾರ್ ಇದ್ದರೆ ಎಣ್ಣೆ ಖರ್ಚು, ಇಲ್ಲದಿದ್ದರೆ ರಟ್ಟೆ ಖರ್ಚು. ದೋಣಿಗಳಿಗೆ ಓಣಿ ಬಿಡಬೇಕು ಎಂಬ ನಿಯಮ ಇತ್ತು, ಬಿಟ್ಟ ಓಣಿಯೂ ಆಮೇಲೆ ಕಿರಿದಾಗುತ್ತಾ ಹೋಯಿತು.

ದೊಡ್ಡಿಯ ಮೂಲೆಗಳಲ್ಲಿ ಗಳದ ಮೇಲೆ ಕಾವಲು ಗುಡಿಸಲು. ಕಾವಲಿನವರ ಕೈಯಲ್ಲಿ ಬಂದೂಕು. ರಾತ್ರಿ ಹತ್ತಿರ ಬಂದ ದೋಣಿ ದಾರಿ ತಪ್ಪಿ ಬಂದದ್ದಾ, ಕದಿಯಲು ಬಂದದ್ದಾ ಅಂತ ಕೇಳುವ ವ್ಯವಧಾನ ಎಲ್ಲರಿಗೂ ಇರಲಿಲ್ಲ. 80ರ ದಶಕದ ಆರಂಭದಲ್ಲಿ ಜಗಳ ಹೊಡೆದಾಟಕ್ಕೆ ತಿರುಗಿತು, ಜೀವಗಳೂ ಹೋದವು. ಬೆಸ್ತರು ಬಲೆ ಕತ್ತರಿಸಿದರು. ಮಾಲೀಕರು ಕಾವಲು ಹೆಚ್ಚಿಸಿದರು. ಆ ಕಾವಲಿನ ಕೆಲಸಕ್ಕೆ, ಗಳ ಊರುವುದಕ್ಕೆ, ಬಲೆ ಹೊಲಿಯುವುದಕ್ಕೆ, ಮೀನು ಎತ್ತುವುದಕ್ಕೆ ಸೇರಿದವರಲ್ಲಿ ಅದೇ ದಡದ ಬೆಸ್ತರ ಮನೆಯ ಹುಡುಗರೂ ಇದ್ದರು. ಕೂಲಿ ಸಿಗುತ್ತಿತ್ತು, ಅದನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಸರೋವರವೇ ಬ್ಯಾಂಕ್ ಆಗಿದ್ದ ಮನೆಯವರು ಈಗ ಅದೇ ನೀರಿನಲ್ಲಿ ಸಂಬಳದ ಆಳು.

ಬಡವರನ್ನೇ ಒಳಗೆ ತರೋಣ ಅಂತ ಒಂದು ಪ್ರಯತ್ನವೂ ಆಯಿತು. 70ರ ದಶಕದ ಕೊನೆಯಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲದಿಂದ, ಬೆಸ್ತರ ಗುಂಪುಗಳಿಗೆ ದೊಡ್ಡಿ ಕಟ್ಟಿಕೊಡುವ ಯೋಜನೆ. ದೊಡ್ಡ ದೊಡ್ಡಿಗಳ ನಡುವೆ, ಮೇವು ಇಳಿಯುತ್ತಿರುವ ನೀರಿನಲ್ಲಿ, ಬಿರುಗಾಳಿಯ ದಾರಿಯಲ್ಲಿ, ಸಾಲದ ಹೊರೆ ಹೊತ್ತು ಸಣ್ಣ ಗುಂಪು ನಿಲ್ಲುವುದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಂದುಕೊಂಡ ಹಾಗೆ ಅದು ಹಬ್ಬಲಿಲ್ಲ.

ಇದರ ನಡುವೆ 1983ರಲ್ಲಿ, ಸರೋವರದ ನೀರು ಪಾಸಿಗ್ ನದಿಗೆ ಹೊರಡುವ ಕಡೆ, ನಪಿಂದಾನ್ ಎಂಬಲ್ಲಿ ಗೇಟು ಕಟ್ಟಿ ಮುಗಿಸಿದರು. ಉಪ್ಪು ನೀರೂ ಮನಿಲಾದ ಕೊಳಕೂ ಒಳಗೆ ಬರದಿರಲಿ, ಸರೋವರದ ನೀರು ಕುಡಿಯಲೂ ಹೊಲಕ್ಕೂ ಆಗಲಿ ಅಂತ. ಎಂಜಿನಿಯರ್ ಕಣ್ಣಿಗೆ ಸರಿಯಾದ ಕೆಲಸ. ಆದರೆ ನೀರು ತಿಳಿಯಾಗುವ ಉಪಾಯವೇ ಬಂದ್ ಆಯಿತಲ್ಲ! ತಮಾಷೆ ಏನೆಂದರೆ, ಎಲ್ಲದರಲ್ಲೂ ಜಗಳವಾಡುತ್ತಿದ್ದ ಬೆಸ್ತರೂ ದೊಡ್ಡಿ ಮಾಲೀಕರೂ ಈ ಒಂದು ವಿಷಯದಲ್ಲಿ ಒಂದೇ ಕಡೆ. ಗೇಟು ತೆರೆದಿಡಿ ಅಂತ ಇಬ್ಬರದೂ ಒತ್ತಾಯ.

ನೀರಿನ ಯಜಮಾನ ಯಾರು

1975ರಲ್ಲಿ ಅಧ್ಯಕ್ಷ ಮಾರ್ಕೋಸ್ ಹೊರಡಿಸಿದ ಆದೇಶ ಪ್ರಾಧಿಕಾರದ ಅಧಿಕಾರ ಹೆಚ್ಚಿಸಿತು. ದೊಡ್ಡಿಗಳಿಂದ ಶುಲ್ಕ ವಸೂಲಿ ಮಾಡಬಹುದು, ಅದರಲ್ಲಿ ದಡದ ಪುರಸಭೆಗಳಿಗೂ ಪಾಲು. ನೋಡಲು ನ್ಯಾಯವಾಗಿದೆ. ಆದರೆ ಬೇಲಿಗೆ ಮಿತಿ ಹಾಕಬೇಕಾದವರ ಖಜಾನೆಗೇ ಬೇಲಿಯಿಂದ ದುಡ್ಡು ಬಂದರೆ ಮಿತಿ ಹಾಕುವ ಕೈ ಸ್ವಲ್ಪ ನಡುಗುತ್ತದೆ. ಇಡೀ ಪ್ರಕರಣದಲ್ಲಿ ನನಗೆ ಅತಿ ಕೆಟ್ಟ ನಿರ್ಧಾರ ಅನ್ನಿಸುವುದು ಇದೇ, ಮತ್ತು ಇದರ ಬಗ್ಗೆ ಗಲಾಟೆ ಆದದ್ದೇ ಕಡಿಮೆ.

1991ರಲ್ಲಿ ಹೊಸ ಸ್ಥಳೀಯ ಸರ್ಕಾರ ಕಾಯ್ದೆ ಬಂತು. ತಮ್ಮ ವ್ಯಾಪ್ತಿಯ ನೀರಿನಲ್ಲಿ ಮೀನುಗಾರಿಕೆಗೆ ಪರವಾನಗಿ ಕೊಡುವ ಹಕ್ಕು ಪುರಸಭೆಗಳದ್ದು ಅಂತ ಅದು ಹೇಳಿತು. ಸರಿ, ಸುತ್ತಲಿನ ಮೇಯರ್‌ಗಳು ತಮ್ಮ ತಮ್ಮ ನೀರಿಗೆ ಪರವಾನಗಿ ಕೊಡಲು ಶುರು. ದೊಡ್ಡಿಗಳು ಮತ್ತೆ ಹಬ್ಬಿದವು. 1993ರಲ್ಲಿ ಪ್ರಾಧಿಕಾರ ತನ್ನಲ್ಲಿ ನೋಂದಣಿ ಆಗದ ದೊಡ್ಡಿಗಳೆಲ್ಲ ಅಕ್ರಮ ಅಂತ ಘೋಷಿಸಿ ಕೆಡವಲು ಹೊರಟಿತು, ಮಾಲೀಕರು ಕೋರ್ಟಿಗೆ ಹೋದರು. 1995ರ ಡಿಸೆಂಬರ್ 7ರಂದು ಫಿಲಿಪ್ಪೀನ್ಸ್ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ದೊಡ್ಡಿ ಪರವಾನಗಿ ಪ್ರಾಧಿಕಾರದ ಅಧಿಕಾರ, ಪುರಸಭೆಗಳದ್ದಲ್ಲ. ಸರೋವರ ಒಂದೇ ನೀರು, ಅದನ್ನು ಊರೂರಿಗೆ ಹಂಚಿ ಆಳಿದರೆ ಉಳಿಯುವುದಿಲ್ಲ ಎಂಬುದು ಅದರ ಹಿಂದಿನ ವಾದ. ಇದು ನನಗೆ ಸರಿ ಕಾಣುತ್ತದೆ. ಆದರೂ ದೂರದ ಪ್ರಾಧಿಕಾರಕ್ಕಿಂತ ಊರ ಮೇಯರ್ ಮನೆ ಬಾಗಿಲು ಬೆಸ್ತನಿಗೆ ಹತ್ತಿರ, ಅದೂ ನಿಜ.

1996ರಲ್ಲಿ ಸರೋವರದ ನಕ್ಷೆ ಮಾಡಿ ವಲಯ ಗುರುತಿಸಿದರು. ದೊಡ್ಡಿಗೆ 10,000 ಹೆಕ್ಟೇರ್, ಪಂಜರಕ್ಕೆ 5,000. ಮೊದಲ ದೊಡ್ಡಿ ಎದ್ದು ಇಪ್ಪತ್ತೈದು ವರ್ಷದ ಮೇಲೆ.

ಬಿರುಗಾಳಿ ಮತ್ತು ತಪ್ಪಿಸಿಕೊಂಡವರು

ಸರ್ಕಾರದ ನೋಟಿಸಿಗಿಂತ ಬೇಗ ದೊಡ್ಡಿ ಕೆಡವಿದ್ದು ಬಿರುಗಾಳಿ. 1995ರ ನವೆಂಬರ್, 2006ರ ಸೆಪ್ಟೆಂಬರ್, ಹೀಗೆ ದೊಡ್ಡ ಬಿರುಗಾಳಿ ಬಂದಾಗಲೆಲ್ಲ ಬಿದಿರು ಕಿತ್ತು, ಬಲೆ ಹರಿದು, ಸಾಕಿದ ಮೀನೆಲ್ಲ ಸರೋವರಕ್ಕೆ. ಮಾಲೀಕನಿಗೆ ಕೋಟಿ ನಷ್ಟ, ಬೆಸ್ತನಿಗೆ ಕೆಲವು ದಿನ ಸುಗ್ಗಿ. ಆಮೇಲೆ ದುಡ್ಡಿರುವವನು ಮತ್ತೆ ಕಟ್ಟುತ್ತಾನೆ, ಸಾಲ ಮಾಡಿ ಕಟ್ಟಿದ ಸಣ್ಣವನು ಅಲ್ಲಿಗೇ ಕೈ ಬಿಡುತ್ತಾನೆ. ಹಾಗಾಗಿ ಪ್ರತಿ ಬಿರುಗಾಳಿ ಕಳೆದ ಮೇಲೂ ದೊಡ್ಡಿಗಳು ಇನ್ನಷ್ಟು ಕಡಿಮೆ ಕೈಗಳಿಗೆ ಹೋಗುವ ಸಾಧ್ಯತೆ ಜಾಸ್ತಿ.

ತಪ್ಪಿಸಿಕೊಂಡದ್ದು ಬಂಗುಸ್ ಮಾತ್ರ ಅಲ್ಲ. ಅಕ್ವೇರಿಯಂಗೆ ಅಂತ ತಂದ, ಚಾಕುವಿನ ಅಲಗಿನಂಥ ಮೈಯ ಒಂದು ವಿದೇಶಿ ಮೀನು ಸರೋವರ ಸೇರಿತು. 2009ರ ಸೆಪ್ಟೆಂಬರ್‌ನ ಮಹಾ ಪ್ರವಾಹದ ನಂತರದ ವರ್ಷಗಳಲ್ಲಿ ಅದು ಎಲ್ಲೆಡೆ ಕಾಣಿಸಿತು. ಅದು ಬೇಟೆಗಾರ ಮೀನು, ಬಿಯಾ, ಅಯುಂಗಿನ್, ತಿಲಾಪಿಯಾ ಮರಿ, ಸೀಗಡಿ, ಸಿಕ್ಕಿದ್ದನ್ನು ತಿನ್ನುತ್ತದೆ. ಸರ್ಕಾರ ಬೆಸ್ತರಿಗೆ ಕಾಸು ಕೊಟ್ಟು ಅದನ್ನು ಹಿಡಿಸಬೇಕಾಯಿತು. ಬೆಸ್ತ, ದೊಡ್ಡಿ ಮಾಲೀಕ, ಪ್ರಾಧಿಕಾರ ಮೂವರೂ ತಲೆ ಕೆಡಿಸಿಕೊಂಡ ಮೀನು ಅದು.

2016 ಮತ್ತು ಆಮೇಲೆ

2016ರ ಜುಲೈನಲ್ಲಿ ಹೊಸ ಅಧ್ಯಕ್ಷ ದುತೆರ್ತೆ ತಮ್ಮ ಮೊದಲ ವಾರ್ಷಿಕ ಭಾಷಣದಲ್ಲೇ ಈ ಸರೋವರದ ಮಾತೆತ್ತಿದರು. ಬಡ ಬೆಸ್ತರಿಗೆ ಮೊದಲ ಹಕ್ಕು ಅಂದರು. ಪರಿಸರ ಖಾತೆಯ ಕಾರ್ಯದರ್ಶಿಯಾಗಿದ್ದ ಜೀನಾ ಲೋಪೆಜ್ ದೊಡ್ಡಿಗಳನ್ನು ತೆಗೆಯಲು ಹೊರಟರು. 2017ರ ಆರಂಭದಿಂದ ಕೆಡವುವ ಕೆಲಸ ನಡೆಯಿತು, ಸಾವಿರಾರು ಹೆಕ್ಟೇರ್ ನೀರು ಬೇಲಿಯಿಂದ ಬಿಡುಗಡೆ ಆಯಿತು.

ದೊಡ್ಡಿ ಕಿತ್ತ ಜಾಗದಲ್ಲಿ ಮುರಿದ ಬಿದಿರಿನ ಬುಡಗಳು ನೀರಿನೊಳಗೆ ಉಳಿದರೆ ದೋಣಿಯ ತಳಕ್ಕೂ ಬಲೆಗೂ ಅಪಾಯ. ಇನ್ನು ದೊಡ್ಡಿಯಲ್ಲಿ ಕೂಲಿ ಮಾಡುತ್ತಿದ್ದವರ ಕೆಲಸ? ಅವರ ಪರವಾಗಿ ಮಾತಾಡುವ ಸಂಘ ಅಷ್ಟಾಗಿ ಇರಲಿಲ್ಲ. ಬೇಲಿ ಕಿತ್ತ ಮಾತ್ರಕ್ಕೆ 60ರ ದಶಕದ ಸರೋವರ ವಾಪಸ್ ಬರುವುದೂ ಇಲ್ಲ. ಹೂಳು ಅಲ್ಲೇ ಇದೆ, ಕಾರ್ಖಾನೆ ಅಲ್ಲೇ ಇದೆ, ಚಾಕು ಮೀನೂ ಇದೆ. ಆದರೂ ದೋಣಿಗೆ ದಾರಿ ಸಿಕ್ಕಿದ್ದು ಸಣ್ಣ ವಿಷಯ ಅಲ್ಲ. ಮನೆಯಿಂದ ನೇರ ನೀರಿಗೆ ಹೋಗುವುದೇ ಎಣ್ಣೆಯ ಉಳಿತಾಯ, ಸಮಯದ ಉಳಿತಾಯ.

ಇಂಥದೇ ಯೋಜನೆ ಬೇರೆ ಯಾವುದಾದರೂ ಸರೋವರದ ದಡಕ್ಕೆ ಬಂದರೆ ನಾನು ಮೊದಲು ಕೇಳುವುದು ಇಳುವರಿ ಎಷ್ಟು ಅಂತ ಅಲ್ಲ. ಮೀನು ಏನು ತಿನ್ನುತ್ತದೆ, ಆ ಮೇವನ್ನು ಈಗ ಯಾವ ಮೀನು ತಿನ್ನುತ್ತಿದೆ, ಮರಿ ಯಾರ ಹತ್ತಿರ ಸಿಗುತ್ತದೆ, ಒಂದು ಬಿರುಗಾಳಿಯ ನಷ್ಟ ತಡೆದು ಮತ್ತೆ ಕಟ್ಟಲು ಯಾರಿಂದ ಆಗುತ್ತದೆ, ಪರವಾನಗಿ ಕೊಡುವವರಿಗೆ ಅದರಿಂದ ಎಷ್ಟು ಬರುತ್ತದೆ. ಒಟ್ಟು ಎಷ್ಟು ಹೆಕ್ಟೇರ್ ಎಂಬ ಮಿತಿ ಮೊದಲ ಗಳ ಊರುವ ಮುಂಚೆ ಬರೆದಿಡಬೇಕು. ಬೇಲಿ ಎದ್ದ ಮೇಲೆ ಕೀಳುವುದು ಎಷ್ಟು ಕಷ್ಟ ಅಂತ ನೋಡಿದೆವಲ್ಲ, ಒಂದು ಸುಪ್ರೀಂ ಕೋರ್ಟ್ ತೀರ್ಪು, ಹಲವು ಬಿರುಗಾಳಿ, ಒಬ್ಬ ಅಧ್ಯಕ್ಷರ ಭಾಷಣ.

ಈಗ ಸರೋವರದ ಮೇಲೆ ತೇಲುವ ಸೋಲಾರ್ ಫಲಕಗಳ ಯೋಜನೆ ಬಂದಿದೆ. ಸುಮಾರು 2,000 ಹೆಕ್ಟೇರ್ ನೀರನ್ನು ಕಂಪನಿಗಳಿಗೆ ಗುತ್ತಿಗೆ ಕೊಡಲು ಪ್ರಾಧಿಕಾರ ಮುಂದಾಗಿದೆ. ಮೀನುಗಾರರ ಒಕ್ಕೂಟ ಪಮಲಕಾಯಾ ಇದನ್ನು ವಿರೋಧಿಸುತ್ತಿದೆ. ಫಲಕ ಪಾಚಿ ತಿನ್ನುವುದಿಲ್ಲ, ಅದು ಸರಿ. ಆದರೆ ಪಾಚಿಗೆ ಬೇಕಾದ ಬಿಸಿಲನ್ನು ಅದು ಮೇಲೆಯೇ ತಡೆಯುತ್ತದೆ. 30,000 ಹೆಕ್ಟೇರ್ ಎದುರು 2,000 ಏನು ಮಹಾ ಅನ್ನುವವರು ಇದ್ದಾರೆ. ದೊಡ್ಡಿಯೂ ಶುರುವಾದದ್ದು ಒಂದು ಸಣ್ಣ ಪ್ರಯೋಗವಾಗಿಯೇ. ಹಾಗಾಗಿ ಗುತ್ತಿಗೆ ಪತ್ರದಲ್ಲಿ ನೋಡಬೇಕಾದ್ದು ಎರಡು: ಇದಕ್ಕಿಂತ ಮುಂದೆ ಒಂದು ಹೆಕ್ಟೇರ್ ಕೂಡ ಕೊಡುವುದಿಲ್ಲ ಎಂಬ ಸಾಲು ಇದೆಯಾ, ಫಲಕಗಳ ನಡುವೆ ದೋಣಿ ಹೋಗುವ ಓಣಿ ಎಷ್ಟು ಅಗಲ.